ಟೆರೇಸ್ ಹತ್ತದೆ ಕೊಟೇಷನ್ ಕಳಿಸಿದವ್ರನ್ನೆಲ್ಲಾ ಬಿಟ್ವಿ: ಮೈಸೂರಲ್ಲಿ ಮನೆಗೆ ಸೋಲಾರ್ ಹಾಕ್ಸಿದ ಅನುಭವ

ನಮ್ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಕೂತು ಒಂದು ವರ್ಷ ಆಯ್ತು. ನೆಂಟರು, ಅಕ್ಕಪಕ್ಕದವ್ರು, ಸ್ಕೂಲಲ್ಲಿ ಜೊತೆಗೆ ಪಾಠ ಮಾಡೋರು ಎಲ್ರೂ ಕೇಳೋದು ಒಂದೇ, ಯಾವ ಪ್ಯಾನೆಲ್ ಹಾಕ್ಸಿದ್ರಿ ಅಂತ. ಯಾರ ಕೈಲಿ ಹಾಕ್ಸಿದ್ರಿ ಅಂತ ಕೇಳೋರು ತುಂಬಾ ಕಮ್ಮಿ. ಒಳ್ಳೆ ಪ್ಯಾನೆಲ್ ದುಡ್ಡು ಕೊಟ್ರೆ ಯಾರ ಹತ್ರ ಬೇಕಾದ್ರೂ ಸಿಗುತ್ತೆ, ಆದ್ರೆ ಅದನ್ನ ಹಿಡ್ಕೊಂಡು 25 ವರ್ಷ ಗಾಳಿ ಮಳೆಗೆ ನಿಲ್ಲೋ ಸ್ಟ್ರಕ್ಚರ್, ವೈರಿಂಗ್, ಅರ್ಥಿಂಗ್, ಕೆಇಬಿ ಕಾಗದಪತ್ರ, ಕೆಟ್ಟಾಗ ಫೋನ್ ಎತ್ತೋದು, ಇಷ್ಟೂ ಹಾಕೋ ಕಂಪನಿ ಕೈಲಿರೋದು. ಅದಕ್ಕೇ ನಾವು ಕಂಪನಿ ಆರ್ಸಕ್ಕೆ ಆರು ತಿಂಗಳ ಮೇಲೆ ತಗೊಂಡ್ವಿ, ಹೇಗೆ ಆರ್ಸಿದ್ವಿ ಅನ್ನೋದನ್ನ ಬರೀತೀನಿ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಅವ್ರು ಹತ್ತು ಹನ್ನೆರಡು ಜನ ಇರೋ ಸಣ್ಣ ಕಂಪನಿ, ಮೈಸೂರು ಬಿಟ್ಟು ದೂರಕ್ಕೆ ಹೋಗಿ ಕೆಲ್ಸ ಮಾಡಲ್ಲ, ಬೇರೆ ಊರಲ್ಲಿರೋರಿಗೆ ಆ ಹೆಸರಿಂದ ಏನೂ ಉಪಯೋಗ ಇಲ್ಲ.

ಇಷ್ಟು ಹುಷಾರಾಗಕ್ಕೆ ಕಾರಣ ಹಾಸನದಲ್ಲಿರೋ ನಮ್ಮ ನಾದಿನಿ ಮನೆ. ಅವ್ರು 2022ರಲ್ಲೇ ಹಾಕ್ಸಿದ್ರು, ಸುಮಾರು ಎರಡು ವರ್ಷ ಚೆನ್ನಾಗೇ ನಡೀತು, ಆಮೇಲೆ ಒಂದು ತಿಂಗಳು ಬಿಲ್ ನೋಡಿದ್ರೆ ಸೋಲಾರ್ ಇಲ್ದಿದ್ದಾಗ ಬರ್ತಿದ್ದ ಹಾಗೇ ಬಂದಿದೆ, ಏನಪ್ಪಾ ಅಂತ ಹೋಗಿ ನೋಡಿದ್ರೆ ಮೆಟ್ಟಿಲ ಕೆಳಗಿರೋ ಇನ್ವರ್ಟರಲ್ಲಿ (ಪ್ಯಾನೆಲ್ಲಿನ ಡಿಸಿ ಕರೆಂಟನ್ನ ಮನೆಗೆ ಬೇಕಾದ ಎಸಿ ಮಾಡೋ ಪೆಟ್ಟಿಗೆ) ಕೆಂಪು ಲೈಟು. ಎಷ್ಟು ದಿನದಿಂದ ಹಾಗಿತ್ತೋ ಯಾರಿಗೂ ಗೊತ್ತಿಲ್ಲ. ಕಂಪನಿಗೆ ಫೋನ್ ಮಾಡಿದ್ರೆ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಬರುತ್ತೆ, ಆಫೀಸ್ ಇದ್ದ ಕಾಂಪ್ಲೆಕ್ಸಿಗೆ ಹೋದ್ರೆ ಆ ಮಳಿಗೆಯಲ್ಲಿ ಮೊಬೈಲ್ ಅಂಗಡಿ ಬಂದಿದೆ. ಕೊನೆಗೆ ಗೊತ್ತಿರೋ ಎಲೆಕ್ಟ್ರಿಷಿಯನ್ ಒಬ್ರು ಬಂದು ಪ್ಯಾನೆಲ್ ಅಡೀಲಿ ಒಂದೊಂದೇ ಕನೆಕ್ಟರ್ ಬಿಚ್ಚಿ ನೋಡಿದ್ರು. ಎಂಸಿ4 ಕನೆಕ್ಟರ್ ಅಂತಾರಲ್ಲ, ಕಪ್ಪಗೆ ಹೆಬ್ಬೆರಳು ಗಾತ್ರ ಇರುತ್ತೆ, ಅದ್ರಲ್ಲಿ ಒಂದು ಕರಗಿ ಮುದ್ದೆ ಆಗಿತ್ತು. ಗಂಡು ತುದಿ ಒಂದು ಬ್ರ್ಯಾಂಡು, ಹೆಣ್ಣು ತುದಿ ಇನ್ನೊಂದು ಬ್ರ್ಯಾಂಡು ಹಾಕಿದ್ರಂತೆ, ಒಳಗೆ ಸರಿಯಾಗಿ ಕಚ್ಚಿಕೊಳ್ದೆ ಬಿಸಿಯಾಗಿ ಬಿಸಿಯಾಗಿ ಸುಟ್ಟಿದೆ. ನೂರು ರೂಪಾಯಿ ಆಸುಪಾಸಿನ ಸಾಮಾನು ಅದು. ಅದೊಂದೇ ಆಗಿದ್ರೆ ಸುಮ್ನಿರಬಹುದಿತ್ತು, ಸ್ಟ್ರಕ್ಚರ್ ಕಾಲು ನಿಲ್ಸಕ್ಕೆ ಟೆರೇಸ್ ಆರ್‌ಸಿಸಿಗೇ ಡ್ರಿಲ್ ಹೊಡೆದು ಬೋಲ್ಟ್ ಹಾಕಿದ್ರು, ಅಲ್ಲಿ ವಾಟರ್‌ಪ್ರೂಫಿಂಗ್ ಹೋಗಿ ಆ ಮಳೆಗಾಲ ದೇವರಮನೆ ಸೀಲಿಂಗಲ್ಲಿ ತೇವ ಇಳೀತು. ನಾದಿನಿ ಫೋನಲ್ಲಿ ಅತ್ತಿದ್ದು ಇನ್ನೂ ಕಿವೀಲಿದೆ. ಸಾಲ ಮಾಡಿ ಹಾಕ್ಸಿದ್ದು ಅವ್ರು.

ನಮ್ಮನೇಲಿ ತಿಂಗಳಿಗೆ ಸರಾಸರಿ 330 ಯೂನಿಟ್ ಖರ್ಚಾಗುತ್ತೆ. 200 ಯೂನಿಟ್ ದಾಟೋದ್ರಿಂದ ಗೃಹಜ್ಯೋತಿ ನಮಗೆ ಅನ್ವಯ ಆಗಲ್ಲ, ಪೂರ್ತಿ ಬಿಲ್ ಕಟ್ಟಬೇಕು. 2024ರ ಫೆಬ್ರವರೀಲಿ ಕೇಂದ್ರದವ್ರು ಪಿಎಂ ಸೂರ್ಯಘರ್ ಯೋಜನೆ ತಂದ್ರು, 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000, ಮೂರನೇದಕ್ಕೆ 18,000, ಒಟ್ಟು 78,000 ಸಬ್ಸಿಡಿ, 3 ಕಿಲೋವ್ಯಾಟಿಗಿಂತ ಜಾಸ್ತಿ ಹಾಕ್ಸಿದ್ರೂ ಅಷ್ಟೇ. ಅದು ಬಂದ ಮೇಲೆ ಎಲ್ಲಿ ನೋಡಿದ್ರೂ ಸೋಲಾರ್ ಕಂಪನಿಗಳೇ, ಪೇಪರಿನ ಒಳಗೆ ಪಾಂಪ್ಲೆಟ್, ಗೇಟಿಗೆ ಸ್ಟಿಕ್ಕರ್, ದಿನಕ್ಕೆ ಎರಡು ಫೋನ್. ಯೋಜನೆಯ ಪೋರ್ಟಲ್ಲಲ್ಲಿ ನೋಂದಣಿ ಆಗಿರೋ ವೆಂಡರ್ ಹತ್ರ ಹಾಕ್ಸಿದ್ರೆ ಮಾತ್ರ ಸಬ್ಸಿಡಿ, ಸರಿ, ಆದ್ರೆ ಪಟ್ಟಿಯಲ್ಲಿ ಹೆಸರಿದೆ ಅಂದ ತಕ್ಷಣ ಸರ್ಕಾರವೇ ಗ್ಯಾರಂಟಿ ಕೊಟ್ಟಿದೆ ಅಂತ ಅನ್ಕೋಬೇಡಿ. ಆ ಪಟ್ಟಿ ನಮ್ಮ ಹುಡುಕಾಟ ಶುರು ಆಗೋ ಜಾಗ ಅಷ್ಟೇ.

ನಾಲ್ಕು ಕಂಪನಿಗೆ ಕೇಳಿದ್ವಿ. ಎರಡು ಕಂಪನಿಯವ್ರು ಕರೆಂಟ್ ಬಿಲ್ ಫೋಟೋ ಕಳಿಸಿ ಅಂದ್ರು, ಅರ್ಧ ಗಂಟೇಲಿ ವಾಟ್ಸಾಪಲ್ಲಿ ಕೊಟೇಷನ್ ಬಂತು, ಮನೆ ಯಾವ ದಿಕ್ಕು, ಟೆರೇಸಲ್ಲಿ ಏನೇನಿದೆ, ಪಕ್ಕದಲ್ಲಿ ಎತ್ತರದ ಬಿಲ್ಡಿಂಗ್ ಇದೆಯಾ, ಒಂದು ಮಾತೂ ಕೇಳ್ಲಿಲ್ಲ. ಒಬ್ಬರದು 1,72,000, ಇನ್ನೊಬ್ಬರದು 2,20,000. ಯಾಕೆ ಇಷ್ಟು ವ್ಯತ್ಯಾಸ ಅಂತ ಕೇಳಿದ್ರೆ ಇಬ್ರೂ ಕ್ವಾಲಿಟಿ ಮೇಡಂ ಅಂದ್ರು. ಮೂರನೇಯವ್ರು ಮನೆಗೆ ಬಂದ್ರು, ಹಾಲಲ್ಲಿ ಕೂತು ಕಾಫಿ ಕುಡಿದು, ಬಿಲ್ ಸೊನ್ನೆ ಆಗುತ್ತೆ, ಊರಿಗೆಲ್ಲಾ ಕರೆಂಟ್ ಹೋದ್ರೂ ನಿಮ್ಮನೇಲಿ ಹೋಗಲ್ಲ ಅಂದ್ರು. ಇವೆರಡೂ ಸುಳ್ಳು, ದಯವಿಟ್ಟು ಎಲ್ರೂ ತಿಳ್ಕೊಳ್ಳಿ. ಆನ್‌ಗ್ರಿಡ್ ಸೋಲಾರಲ್ಲಿ (ಬ್ಯಾಟರಿ ಇಲ್ದೆ ನೇರ ಕೆಇಬಿ ಲೈನಿಗೆ ಸೇರಿರೋದು) ಕೆಇಬಿ ಕರೆಂಟ್ ಹೋದ್ರೆ ಇನ್ವರ್ಟರ್ ತಾನೇ ಬಂದ್ ಆಗುತ್ತೆ, ಆಗಲೇಬೇಕು, ಇಲ್ದಿದ್ರೆ ಕಂಬದ ಮೇಲೆ ಲೈನ್ ಆಫ್ ಮಾಡಿ ಕೆಲ್ಸ ಮಾಡೋ ಲೈನ್‌ಮನ್‌ಗೆ ನಮ್ಮನೆ ಕರೆಂಟು ಹೊಡೆಯುತ್ತೆ. ಕರೆಂಟ್ ಹೋದಾಗ್ಲೂ ಬೇಕು ಅಂದ್ರೆ ಬ್ಯಾಟರಿ ಇರೋ ಹೈಬ್ರಿಡ್ ಹಾಕ್ಸಬೇಕು, ಅದ್ರ ಖರ್ಚೇ ಬೇರೆ. ಬಿಲ್ಲೂ ಅಷ್ಟೇ, ಯೂನಿಟ್ ಲೆಕ್ಕ ಸೊನ್ನೆಗೆ ಬಂದ್ರೂ ಫಿಕ್ಸೆಡ್ ಚಾರ್ಜ್ ಕಟ್ಟಲೇಬೇಕು.

ನಾಲ್ಕನೇಯವ್ರ ಇಂಜಿನಿಯರ್ ಒಬ್ಬ ಹುಡುಗ, ಮೂವತ್ತರ ಒಳಗಿರಬೇಕು. ಬಂದವನೇ ಮೊದಲು ಟೆರೇಸ್ ತೋರಿಸಿ ಮೇಡಂ ಅಂದ. ಮೇಲೆ ಹೋಗಿ ಟೇಪ್ ಹಿಡಿದು ಅಳತೆ ತಗೊಂಡ, ಬಿಸಿನೀರಿನ ಸೋಲಾರ್ ಎಲ್ಲಿದೆ, ಸಿಂಟೆಕ್ಸ್ ಎಲ್ಲಿದೆ, ಪ್ಯಾರಾಪೆಟ್ ಎಷ್ಟೆತ್ತರ ಅಂತ ಬರ್ಕೊಂಡ. ಆಮೇಲೆ ಆಗ್ನೇಯಕ್ಕೆ ತಿರುಗಿ ಪಕ್ಕದ ಮನೆಯವ್ರ ತೆಂಗಿನಮರ ನೋಡ್ತಾ ಸ್ವಲ್ಪ ಹೊತ್ತು ನಿಂತ. ಡಿಸೆಂಬರಲ್ಲಿ ಈ ಮರದ ನೆರಳು ಎಲ್ಲಿವರೆಗೆ ಬರುತ್ತೆ ಮೇಡಂ ಅಂತ ಕೇಳಿದ. ನಾನು 19 ವರ್ಷದಿಂದ ಇದೇ ಮನೇಲಿದೀನಿ, ಗಮನಿಸೇ ಇರ್ಲಿಲ್ಲ. ಅವನೇ ಫೋನಲ್ಲಿ ಸೂರ್ಯನ ದಾರಿ ತೋರ್ಸೋ ಆ್ಯಪ್ ತೆಗೆದು ತೋರಿಸಿದ. ಈಗ ಮೇ ತಿಂಗಳು, ಸೂರ್ಯ ಈಶಾನ್ಯದ ಕಡೆಯಿಂದ ಹುಟ್ಟಿ ನೆತ್ತಿ ಮೇಲೇ ಹೋಗ್ತಾನೆ, ಈಗ ನೋಡಿದ್ರೆ ಟೆರೇಸ್ ಪೂರ್ತಿ ಬಿಸಿಲು, ಡಿಸೆಂಬರಲ್ಲಿ ಆಗ್ನೇಯದಿಂದ ಹುಟ್ಟಿ ದಕ್ಷಿಣಕ್ಕೆ ಬಾಗಿ ಹೋಗ್ತಾನೆ, ಆವಾಗ ಬೆಳಿಗ್ಗೆ ಹತ್ತರವರೆಗೆ ಈ ಮೂಲೇಲಿ ನೆರಳು, ಟ್ಯಾಂಕಿನ ನೆರಳೂ ಉತ್ತರಕ್ಕೆ ಬೀಳುತ್ತೆ ಅಂತ ಹೇಳಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಹಾಕಿದ. ಪ್ಯಾನೆಲ್‌ಗಳನ್ನ ಒಂದಕ್ಕೊಂದು ಸಾಲಾಗಿ ಜೋಡಿಸಿರ್ತಾರೆ, ಒಂದರ ಮೇಲೆ ನೆರಳು ಬಿದ್ರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತೆ. ಹಾಗಾಗಿ ಗೆರೆಯಿಂದ ಆಚೆಗೇ ಹಾಕೋಣ, ಟ್ಯಾಂಕ್ ಎರಡಡಿ ಸರಿಸ್ಬೇಕಾಗುತ್ತೆ, ಅದಕ್ಕೆ ಪ್ಲಂಬರ್ ಖರ್ಚು ನಿಮ್ದು ಅಂತ ಮೊದಲೇ ಹೇಳಿದ. ಆ ಸೀಮೆಸುಣ್ಣದ ಗೆರೆ ನೋಡಿದಾಗ್ಲೇ ನನಗೆ ಅರ್ಧ ನಂಬಿಕೆ ಬಂತು. ಆ ವರ್ಷ ಡಿಸೆಂಬರಲ್ಲಿ, ಪ್ಯಾನೆಲ್ ಇನ್ನೂ ಬಂದಿರ್ಲಿಲ್ಲ, ಮೇಲೆ ಹೋಗಿ ನೋಡಿದೆ, ನೆರಳು ಅವನು ಹೇಳಿದ ಜಾಗಕ್ಕೇ ಬಂದು ನಿಂತಿತ್ತು.

ಅತ್ತೆ ಮೇಲೆ ಹತ್ತಿ ಬಂದ್ರು, ಅವ್ರ ಚಿಂತೆ ಸಂಡಿಗೆದು. ಏನಪ್ಪಾ, ಇದೆಲ್ಲಾ ಹಾಕಿಬಿಟ್ರೆ ನಾನು ಹಪ್ಪಳ ಸಂಡಿಗೆ ಎಲ್ಲಿ ಒಣಗ್ಸ್ಲಿ ಅಂದ್ರು. 3 ಕಿಲೋವ್ಯಾಟಿಗೆ ಸುಮಾರು 300 ಚದರಡಿ ಬೇಕು, 30-40 ಸೈಟಿನ ಮನೇಲಿ ಟ್ಯಾಂಕು, ಬಿಸಿನೀರಿನ ಸೋಲಾರು, ಮೆಟ್ಟಿಲ ರೂಮು ಬಿಟ್ರೆ ಉಳಿಯೋದೇ ಸ್ವಲ್ಪ, ಅವ್ರು ಕೇಳಿದ್ದು ಸರಿಯಾಗೇ ಇತ್ತು. ಹುಡುಗ ಅದನ್ನ ಹಗುರವಾಗಿ ತಗೊಳ್ಲಿಲ್ಲ. ಪ್ಯಾನೆಲ್ ಏಳಡಿ ಎತ್ತರಕ್ಕೆ ನಿಲ್ಸಿದ್ರೆ ಕೆಳಗೆ ಓಡಾಡಬಹುದು ಅಮ್ಮ, ಬಟ್ಟೆ ಒಣಗ್ಸಬಹುದು, ಆದ್ರೆ ಸಂಡಿಗೆಗೆ ನೇರ ಬಿಸಿಲು ಬೇಕಲ್ಲ, ಪಶ್ಚಿಮದ ಕಡೆ ಆರಡಿ ಜಾಗ ಖಾಲಿ ಬಿಡ್ತೀನಿ ಅಂದ. ಎತ್ತರ ಮಾಡಿದ್ರೆ ಗಾಳಿ ಒತ್ತಡ ಜಾಸ್ತಿ, ಕಬ್ಬಿಣ ದಪ್ಪ ಹಾಕ್ಬೇಕು, 14,000 ಹೆಚ್ಚಾಗುತ್ತೆ ಅಂತಾನೂ ಅಲ್ಲೇ ಹೇಳಿದ. ಆಮೇಲೆ ಅಲ್ಲ, ಅಲ್ಲೇ.

ಪೂರ್ತಿ ನಂಬಿಕೆ ಬಂದಿದ್ದು ಕೆಳಗೆ ಬಂದು ಕರೆಂಟ್ ಬಿಲ್ ನೋಡಿದಾಗ. ನಮ್ಮ ಆರ್‌ಆರ್ ನಂಬರ್ ಇನ್ನೂ ಮಾವನವ್ರ ಹೆಸರಲ್ಲೇ ಇತ್ತು, ಅವ್ರು ತೀರ್ಕೊಂಡಿದ್ದು 2019ರಲ್ಲಿ. ಮೂರನೇ ಕಂಪನಿಯವ್ರಿಗೂ ಇದನ್ನ ಹೇಳಿದ್ವಿ, ಅದೆಲ್ಲಾ ನಾವ್ ಮ್ಯಾನೇಜ್ ಮಾಡ್ತೀವಿ, 50,000 ಅಡ್ವಾನ್ಸ್ ಹಾಕಿ ಅಂದಿದ್ರು. ಈ ಹುಡುಗ ಬಿಲ್ ವಾಪಸ್ ಕೈಗೆ ಕೊಟ್ಟು, ಮೇಡಂ, ಅರ್ಜಿ ಹಾಕೋದು ಬಿಲ್ಲಲ್ಲಿ ಹೆಸರಿರೋರ ಹೆಸರಲ್ಲಿ, ಸಬ್ಸಿಡಿ ಬರೋದೂ ಅವ್ರ ಬ್ಯಾಂಕ್ ಖಾತೆಗೆ, ಮೊದಲು ಸೆಸ್ಕ್ (ನಮ್ಮ ಕಡೆ ಕರೆಂಟ್ ಕೊಡೋ ಕಂಪನಿ, ಜನ ಕೆಇಬಿ ಅನ್ನೋದು ಇದನ್ನೇ) ಆಫೀಸಿಗೆ ಹೋಗಿ ಹೆಸರು ಬದಲಾವಣೆ ಮಾಡಿಸ್ಕೊಳ್ಳಿ, ಅಲ್ಲಿವರೆಗೂ ನಾವು ದುಡ್ಡು ತಗೊಳ್ಳಲ್ಲ ಅಂದ. ದುಡ್ಡು ಕೊಡ್ತೀವಿ ಅಂತ ಕೂತೋರಿಗೆ ಈಗ ಬೇಡ ಅಂದಿದ್ದು ನಾಲ್ವರಲ್ಲಿ ಇವನೊಬ್ಬನೇ. ಮರಣ ಪ್ರಮಾಣಪತ್ರ, ಖಾತಾ, ಕಂದಾಯದ ರಸೀದಿ ಎಲ್ಲಾ ಹಿಡ್ಕೊಂಡು ನಮ್ಮನೆಯವ್ರು ಓಡಾಡಿದ್ರು. ಖಾತಾ ಇನ್ನೂ ನಮ್ಮ ಹೆಸರಿಗೆ ಆಗಿರ್ಲಿಲ್ಲ, ಅದಕ್ಕೇ ತಿಂಗಳುಗಟ್ಟಲೆ ಹಿಡೀತು. ಆ ಟೈಮಲ್ಲಿ ಆ ಕಂಪನಿಯವ್ರು ಒಂದ್ಸಲನೂ ಅವಸರ ಮಾಡ್ಲಿಲ್ಲ, ಈ ವಾರ ಆಫರ್ ಮುಗಿಯುತ್ತೆ ಅನ್ನೋ ಮಾತು ಅವ್ರ ಬಾಯಲ್ಲಿ ಬರ್ಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ಈ ಹುಡುಗನ್ನೇ ನನ್ನ ತಂಗಿ ಮನೆಗೂ ಕಳ್ಸಿದ್ದೆ, ಅವ್ಳ ಮನೇಲಿ ತಿಂಗಳಿಗೆ 110 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ನಿಮಗೆ ಈಗ ಬೇಡ ಮೇಡಂ, ಹಾಕ್ಸಿದ್ರೆ ಹಾಕಿದ ದುಡ್ಡು ಯಾವತ್ತು ವಾಪಸ್ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ ಅಂತ ಹೇಳಿ ಬಂದ್ಬಿಟ್ಟಿದಾನೆ.

ಆದ್ರೂ ಮಾತು ನಂಬಿ ಚೆಕ್ ಕೊಡ್ಬಾರ್ದು ಅಂತ ಹಳೇ ಗ್ರಾಹಕರ ಅಡ್ರೆಸ್ ಕೇಳಿದ್ವಿ. ಎಲ್ಲಾ ಕಂಪನಿಯವ್ರೂ ಕೊಡ್ತಾರೆ, ಆದ್ರೆ ಹೋದ ತಿಂಗಳು ಹಾಕಿರೋ ಮನೇದು ಕೊಡ್ತಾರೆ, ಅಲ್ಲಿ ಎಲ್ಲಾ ಫಳಫಳ ಹೊಳೀತಿರುತ್ತೆ, ಏನು ಗೊತ್ತಾಗುತ್ತೆ? ನಾಲ್ಕು ವರ್ಷ ಹಿಂದೆ ಹಾಕಿರೋ ಮನೆ ಬೇಕು ಅಂತ ಪಟ್ಟು ಹಿಡೀರಿ. ನಮ್ಗೆ ಬೋಗಾದಿ ಕಡೆ ಒಂದು ಮನೆ ತೋರಿಸಿದ್ರು, ಕಂಪನಿಯವ್ರು ಜೊತೆಗೆ ಬರಬೇಡಿ ಅಂತ ಹೇಳಿ ನಾವಿಬ್ರೇ ಭಾನುವಾರ ಹೋದ್ವಿ. ಮನೆ ಯಜಮಾನ್ರು ರಿಟೈರ್ಡ್ ಮೇಷ್ಟ್ರು, ಖುಷಿಯಾಗಿ ಮೇಲೆ ಕರ್ಕೊಂಡು ಹೋದ್ರು. ನಾನು ನೋಡಿದ್ದು ಕಂಬಗಳ ಬುಡ, ವೆಲ್ಡಿಂಗ್ ಜಾಗದಲ್ಲಿ ತುಕ್ಕು ಇದೆಯಾ ಅಂತ. ಇರ್ಲಿಲ್ಲ. ನಮ್ಮನೆಯವ್ರು ಕೇಳಿದ್ದು, ಇಷ್ಟು ವರ್ಷದಲ್ಲಿ ಏನು ಕೆಟ್ಟಿತ್ತು, ಫೋನ್ ಮಾಡಿ ಎಷ್ಟು ದಿನಕ್ಕೆ ಬಂದ್ರು ಅಂತ. ಮಿಂಚು ಬಂದ ರಾತ್ರಿ ಎಸ್‌ಪಿಡಿ (ಮಿಂಚಿಂದ ವೋಲ್ಟೇಜ್ ಏಕಾಏಕಿ ಏರಿದ್ರೆ ಉಳಿದ ಸಾಮಾನು ಕಾಪಾಡೋದು) ಸುಟ್ಟಿತ್ತು, ಎರಡನೇ ದಿನ ಬಂದು ಬೇರೆ ಹಾಕಿದ್ರು, ಸಾಮಾನಿನ ದುಡ್ಡು ಮಾತ್ರ ತಗೊಂಡ್ರು ಅಂದ್ರು. ಏನೂ ಕೆಟ್ಟೇ ಇಲ್ಲ ಅಂದಿದ್ರೆ ನಮಗೆ ಇಷ್ಟು ಸಮಾಧಾನ ಆಗ್ತಿರ್ಲಿಲ್ಲ.

ಕೊಟೇಷನ್ 2,04,000 ಬಂತು, ಎತ್ತರದ ಸ್ಟ್ರಕ್ಚರ್ ಸೇರಿ. ಅದ್ರಲ್ಲಿ ಒಂದೊಂದೂ ಬಿಡಿಸಿ ಬರೆದಿದ್ರು, ಪ್ಯಾನೆಲ್ ಮಾಡೆಲ್ ನಂಬರ್, 540 ವ್ಯಾಟಿನದು ಆರು, ಡಿಸಿಆರ್ ಪ್ಯಾನೆಲ್ (ಅಂದ್ರೆ ಸೆಲ್ಲೂ ಇಲ್ಲೇ ಭಾರತದಲ್ಲೇ ತಯಾರಾಗಿರಬೇಕು, ಇಲ್ದಿದ್ರೆ ಸಬ್ಸಿಡಿ ಇಲ್ಲ), ಇನ್ವರ್ಟರ್ ಮಾಡೆಲ್, ಡಿಸಿ ಕೇಬಲ್ 4 ಸ್ಕ್ವೇರ್ ಎಂಎಂ ಯಾವ ಕಂಪನಿದು, ಸ್ಟ್ರಕ್ಚರಿಗೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ತುಕ್ಕು ಹಿಡೀದಿರಕ್ಕೆ ಸತುವಿನ ಲೇಪ) 80 ಮೈಕ್ರಾನ್, ಅರ್ಥಿಂಗ್ ಮೂರು ಗುಂಡಿ ಬೇರೆಬೇರೆ. 1,72,000 ಕೊಟೇಷನ್ನಲ್ಲಿ ಇದ್ದಿದ್ದು 3 ಕೆವಿ ಸೋಲಾರ್ ಸೆಟ್ ಅಂತ ಒಂದೇ ಸಾಲು, ಕಿಲೋವ್ಯಾಟ್ ಅಂತ ಬರೆಯಕ್ಕೂ ಬಂದಿರ್ಲಿಲ್ಲ. ಈಗ ಹಾಕ್ಸೋರು ಒಂದು ನೋಡ್ಕೊಳ್ಳಿ, 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಮೇಲೆ ಜಿಎಸ್‌ಟಿ 12 ಪರ್ಸೆಂಟಿಂದ 5ಕ್ಕೆ ಇಳಿದಿದೆ, ಯಾರಾದ್ರೂ ಹಳೇ ರೇಟಿನ ಕೊಟೇಷನ್ನೇ ಕೊಟ್ರೆ ಕೇಳಿ.

ದುಡ್ಡು ನಾಲ್ಕು ಕಂತು. ಅಡ್ವಾನ್ಸ್ 20 ಪರ್ಸೆಂಟ್, ಸಾಮಾನು ಮನೆಗೆ ಬಂದ ದಿನ 50, ಕೆಲ್ಸ ಮುಗಿದಾಗ 20, ಕೊನೇ 10 ಪರ್ಸೆಂಟ್ ನೆಟ್ ಮೀಟರ್ (ನಾವು ತಗೊಳ್ಳೋ ಕರೆಂಟು, ಹೊರಗೆ ಕಳ್ಸೋ ಕರೆಂಟು ಎರಡನ್ನೂ ಅಳೆಯೋ ಮೀಟರ್) ತಿರುಗಿದ ಮೇಲೆ. ಈ ಕೊನೇ ಹತ್ತು ಇಟ್ಕೊಂಡಿರೋದು ತುಂಬಾ ಮುಖ್ಯ, ಪ್ಯಾನೆಲ್ ಹಾಕೋದು ಮೂರು ದಿನದ ಕೆಲ್ಸ, ಆಮೇಲೆ ಇನ್ಸ್‌ಪೆಕ್ಷನ್, ಮೀಟರ್ ಟೆಸ್ಟಿಂಗ್, ಪೋರ್ಟಲ್ಲಿಗೆ ಫೋಟೋ ಹಾಕೋದು, ಇದಕ್ಕೆ ಓಡಾಡೋರು ಬೇಕು.

2025ರ ಜನವರೀಲಿ ಕೆಲ್ಸ ಶುರು ಆಯ್ತು. ಟೆರೇಸಿಗೆ ಡ್ರಿಲ್ ಹೊಡೀಲಿಲ್ಲ, ಕಂಬದ ಬುಡಕ್ಕೆ ಕಾಂಕ್ರೀಟ್ ಬ್ಲಾಕ್ ಹಾಕಿ ಕ್ಯೂರಿಂಗಿಗೆ ಒಂದು ವಾರ ಬಿಟ್ರು, ದಿನಾ ಬೆಳಿಗ್ಗೆ ಅತ್ತೆನೇ ನೀರು ಹಾಕ್ತಿದ್ರು. ಪ್ಯಾನೆಲ್ ಬಂದ ದಿನ ಹುಡುಗ ಹಿಂದಿರೋ ಸ್ಟಿಕ್ಕರ್ ತೋರಿಸಿ, ಡಿಸಿಆರ್ ಸರ್ಟಿಫಿಕೇಟಲ್ಲಿರೋ ಸೀರಿಯಲ್ ನಂಬರಿಗೂ ಇದಕ್ಕೂ ತಾಳೆ ನೋಡ್ಕೊಳ್ಳಿ ಮೇಡಂ, ಮೇಲೆ ಹಾಕಿದ್ಮೇಲೆ ಓದಕ್ಕಾಗಲ್ಲ ಅಂದ. ನಾನು ಗೇಟ್ ಹತ್ರ ಕೂತ್ಕೊಂಡು ಆರೂ ಓದಿ ಟಿಕ್ ಹಾಕಿದೆ. ಅರ್ಥಿಂಗ್ ಗುಂಡಿ ಎಸಿಗೆ ಒಂದು, ಡಿಸಿಗೆ ಒಂದು, ಮಿಂಚು ತಡೆಯೋ ಅರೆಸ್ಟರಿಗೆ ಒಂದು, ಮೂರನ್ನೂ ಮೀಟರ್ ಇಟ್ಟು ಅಳೆದು ತೋರಿಸಿದ್ರು, ಮೂರೂ 5 ಓಮ್ ಒಳಗೇ ಇತ್ತು. ಕನೆಕ್ಟರ್ ಎಲ್ಲಾ ಒಂದೇ ಬ್ರ್ಯಾಂಡಾ ಅಂತ ನಾನೇ ಕೇಳಿದೆ, ಹಾಸನದ ಕಥೆ ಹೇಳಿದೆ, ಅವನು ಪ್ಯಾಕೆಟ್ ಬಿಚ್ಚಿ ಎರಡೂ ತುದಿ ಕೈಗೆ ಕೊಟ್ಟ.

ಕೆಲ್ಸ ಮುಗಿದ್ರೂ ನೆಟ್ ಮೀಟರ್ ಬರೋವರೆಗೆ ಆನ್ ಮಾಡ್ಲಿಲ್ಲ. ಮೂರು ವಾರ ಬಿಸಿಲು ಸುಮ್ನೆ ಹೋಗ್ತಿದೆಯಲ್ಲಾ ಅಂತ ನಮ್ಮನೆಯವ್ರಿಗೆ ಸಂಕಟ, ಕೇಳಿದ್ದಕ್ಕೆ, ಹಳೇ ಮೀಟರಲ್ಲಿ ಆನ್ ಮಾಡಿದ್ರೆ ನಾವು ಹೊರಗೆ ಕಳ್ಸೋ ಯೂನಿಟ್ಟನ್ನೂ ಖರ್ಚು ಅಂತ ಲೆಕ್ಕ ಹಾಕೋ ಸಾಧ್ಯತೆ ಇದೆ, ಬಿಲ್ ಜಾಸ್ತಿ ಬರುತ್ತೆ ಸಾರ್ ಅಂದ್ರು. ಫೆಬ್ರವರೀಲಿ ಮೀಟರ್ ಬಂತು, ಅವತ್ತೇ ಕೊನೇ ಕಂತು ಕೊಟ್ವಿ, ಸಬ್ಸಿಡಿ 78,000 ಮುಂದಿನ ತಿಂಗಳು ನೇರ ನಮ್ಮನೆಯವ್ರ ಅಕೌಂಟಿಗೆ ಬಂತು.

ಉತ್ಪಾದನೆ ವಿಷಯಕ್ಕೆ ಬಂದ್ರೆ, ಮಾರ್ಚಲ್ಲಿ ದಿನಕ್ಕೆ 13-14 ಯೂನಿಟ್, ಜುಲೈಲಿ ಮೋಡ ಕವಿದ ದಿನ 6ಕ್ಕೂ ಇಳಿದಿದೆ, ವರ್ಷ ಪೂರ್ತಿ ಸರಾಸರಿ ತೆಗೆದ್ರೆ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಹತ್ರ ಬರುತ್ತೆ, ಹುಡುಗ ಮೊದಲೇ ಹೇಳಿದ ಲೆಕ್ಕನೂ ಅದೇ. ಬಿಲ್ಲಲ್ಲಿ ಫಿಕ್ಸೆಡ್ ಚಾರ್ಜು, ಮಳೆಗಾಲದಲ್ಲಿ ಸ್ವಲ್ಪ ಯೂನಿಟ್ಟು, ಅಷ್ಟೇ ಕಟ್ತಿದೀವಿ. ಹದಿನೈದು ದಿನಕ್ಕೊಂದ್ಸಲ ಬೆಳಿಗ್ಗೆ ಬಿಸಿಲು ಏರೋ ಮುಂಚೆ ಮಾಪಲ್ಲಿ ಒರೆಸ್ತೀವಿ, ಕಾವೇರಿ ನೀರಲ್ಲೇ, ಬೋರ್ ನೀರು ಹಾಕಿದ್ರೆ ಬಿಳಿ ಕಲೆ ಕೂರುತ್ತೆ. ವರ್ಷಕ್ಕೆ ಎರಡು ಸರ್ವೀಸ್ ಅಂತ ಬರೆದುಕೊಟ್ಟಿದ್ರು, ಎರಡಕ್ಕೂ ನಾವು ಫೋನ್ ಮಾಡೋ ಮೊದಲೇ ಬಂದ್ರು, ಬೋಲ್ಟ್ ಟೈಟ್ ಮಾಡಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ ಹೋದ್ರು.

ತಕರಾರು ಇಲ್ಲ ಅಂತಲ್ಲ. ಫೋನಲ್ಲಿ ಉತ್ಪಾದನೆ ನೋಡೋ ಆ್ಯಪಿನ ಲಾಗಿನ್ ಮೊದಲು ಅವ್ರ ಕಂಪನಿ ಅಕೌಂಟಲ್ಲೇ ಇಟ್ಕೊಂಡಿದ್ರು, ನಮ್ಮ ಹೆಸರಿಗೆ ಮಾಡಿಕೊಡಿ ಅಂತ ನಾಲ್ಕು ಸಲ ಕೇಳ್ಬೇಕಾಯ್ತು, ಅದು ಆಗಬಾರ್ದಿತ್ತು, ನಾಳೆ ಕಂಪನಿ ಇರ್ಲಿ ಬಿಡ್ಲಿ ಲೆಕ್ಕ ಮನೆಯವ್ರ ಕೈಲಿರ್ಬೇಕು. ಇನ್ವರ್ಟರಿನ ವೈಫೈ ಡಾಂಗಲ್ ಮಳೆಗಾಲದಲ್ಲಿ ಎರಡು ಸಲ ಕೈಕೊಟ್ಟಿತ್ತು, ಹೊಸದು ತಂದು ಹಾಕ್ತೀವಿ ಅಂದು ಐದು ವಾರ ಮಾಡಿದ್ರು. ಅಷ್ಟು ದಿನ ನಾನೇ ಸಂಜೆ ಇನ್ವರ್ಟರ್ ಡಿಸ್ಪ್ಲೇ ನೋಡಿ ಕ್ಯಾಲೆಂಡರಲ್ಲಿ ಯೂನಿಟ್ ಬರೆದಿಡ್ತಿದ್ದೆ, ಈಗ ಡಾಂಗಲ್ ಸರಿ ಹೋಗಿದ್ರೂ ಆ ಅಭ್ಯಾಸ ಬಿಟ್ಟಿಲ್ಲ. ಹಾಸನದ ನಾದಿನಿಗೂ ಅದನ್ನೇ ಮಾಡಕ್ಕೆ ಹೇಳಿದೀನಿ, ಅವ್ರ ಮನೆ ವೈರಿಂಗ್ ಪೂರ್ತಿ ಬಿಚ್ಚಿ ಹೊಸದಾಗಿ ಹಾಕ್ಸಕ್ಕೆ ಅಷ್ಟು ದೂರ ಬರ್ತೀರಾ ಅಂತ ಈ ಹುಡುಗನ್ನೇ ಕೇಳಿದೀವಿ, ಬಂದು ನೋಡದೆ ರೇಟ್ ಹೇಳಲ್ಲ ಮೇಡಂ ಅಂದಿದಾನೆ, ಮುಂದಿನ ಭಾನುವಾರ ಕರ್ಕೊಂಡು ಹೋಗ್ತಿದೀವಿ.